ಲಾಸಾ ಮತ್ತು ಹುರಿಹಿಟ್ಟು

ಲಾಸಾ ಅಂದ ಕೂಡಲೇ ಎಲ್ಲರಿಗೂ ಪೊಟಾಲಾ ಅರಮನೆ ನೆನಪಾಗುತ್ತೆ, ಅಲ್ವಾ? ನನಗೆ ಮಾತ್ರ ಹುರಿಹಿಟ್ಟು!

ಸಮುದ್ರಮಟ್ಟದಿಂದ ಸುಮಾರು 3650 ಮೀಟರ್ ಮೇಲಿರುವ ಊರು ಅದು. ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರ. ನೀರು ಸುಮಾರು 88 ಡಿಗ್ರಿಗೇ ಕುದಿಯೋದರಿಂದ ಅಕ್ಕಿ, ಬೇಳೆ ಬೇಗ ಬೇಯಲ್ಲ. ಆ ಎತ್ತರದಲ್ಲಿ ಚೆನ್ನಾಗಿ ಬೆಳೆಯೋದು ಬಾರ್ಲಿ. ಅದನ್ನೇ ಹುರಿದು, ಬೀಸಿ, ಉಪ್ಪು-ಬೆಣ್ಣೆ ಹಾಕಿದ ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿಂತಾರೆ. ಹೆಸರು ತ್ಸಂಪಾ. ಥೇಟ್ ನಮ್ಮ ರಾಗಿ ಹುರಿಹಿಟ್ಟಿನ ಅಣ್ಣ!

ಲಾಸಾದ ಸೆರಾ ಮಠ ಶುರುವಾಗಿದ್ದು 1419ರಲ್ಲಿ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ದೇಶ ಬಿಟ್ಟು ಬಂದ ಭಿಕ್ಷುಗಳು ಅದೇ ಹೆಸರಿನ ಮಠವನ್ನು ನಮ್ಮ ಬೈಲಕುಪ್ಪೆಯಲ್ಲಿ ಕಟ್ಟಿದರು. ಡ್ರೆಪುಂಗ್, ಗಾಂದೆನ್ ಹೆಸರಿನ ಮಠಗಳು ಮುಂಡಗೋಡಿನಲ್ಲಿ ಎದ್ದವು. ಲಾಸಾ ಕಡೆಯ ಮೂರು ಮಹಾಮಠಗಳ ಹೆಸರೂ ಈಗ ಕರ್ನಾಟಕದಲ್ಲಿವೆ!

ನನಗೆ ತ್ಸಂಪಾ ಕಲಸಿಕೊಟ್ಟಿದ್ದು ಬೈಲಕುಪ್ಪೆಯ ಒಬ್ಬ ತಾತ. "2006ರಲ್ಲೇ ಲಾಸಾಗೆ ರೈಲು ಬಂತಲ್ಲ ತಾತ, ಒಂದ್ಸಲ ಹೋಗಿ ಬರಬಾರದಾ?" ಅಂತ ಕೇಳಿದೆ.

"ನಿಮಗಾದ್ರೆ ಟಿಕೆಟ್ ಸಾಕು ಮಗಾ.. ನಮಗೆ ಸಾಕಾಗಲ್ಲ," ಅಂದರು. ಆಮೇಲೆ ಇನ್ನೊಂದು ಉಂಡೆ ನನ್ನ ತಟ್ಟೆಗಿಟ್ಟರು.

ಬೈಲಕುಪ್ಪೆಗೆ ಹೋದವರು ಗೋಲ್ಡನ್ ಟೆಂಪಲ್ ಫೋಟೋ ತೆಗೆದು ವಾಪಸ್ಸಾಗ್ತೀವಿ. ಮುಂದಿನ ಸಲ ಸೆರಾಗೂ ಹೋಗಿ ಬನ್ನಿ. ಊರಿಗೆ ಹೋಗಲಾರದ ಎಷ್ಟೋ ಹಿರಿಯರಿಗೆ ಲಾಸಾ ಅಂದ್ರೆ ಈಗ ಅದೇ..