6174ರ ಒಳಗೆ

ಕನ್ನಡ ನಾಡು ಒಂದುಗೂಡಿದ ವರ್ಷ, 1956 ತೆಗೆದುಕೊಳ್ಳಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 9651, ಚಿಕ್ಕದರಿಂದ ದೊಡ್ಡದಕ್ಕೆ 1569. ಕಳೆದರೆ 8082. ಮತ್ತೆ ಅದೇ ಕೆಲಸ: 8820ರಲ್ಲಿ 0288 ಹೋದರೆ 8532. ಮತ್ತೊಮ್ಮೆ: 8532ರಲ್ಲಿ 2358 ಹೋದರೆ 6174. ಇನ್ನೂ ಮುಂದುವರಿಸಿ ನೋಡಿ. 7641ರಲ್ಲಿ 1467 ಕಳೆದರೆ ಪುನಃ ಅದೇ 6174. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973 ಎರಡೇ ಹೆಜ್ಜೆಗೆ ಇಲ್ಲಿಗೆ ಬರುತ್ತದೆ. 2005 ಸುತ್ತಾಡಿಕೊಂಡು ಏಳನೆಯ ಹೆಜ್ಜೆಗೆ. ಏಳಕ್ಕಿಂತ ಹೆಚ್ಚು ಯಾವುದಕ್ಕೂ ಬೇಕಿಲ್ಲ. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ.

ಇದನ್ನು ಕಂಡುಹಿಡಿದವರು ನಾಸಿಕದ ಪಕ್ಕದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಇದನ್ನು ಮುಂದಿಟ್ಟರು. ಸ್ನಾತಕೋತ್ತರ ಪದವಿ ಇಲ್ಲದ ಈ ಮೇಷ್ಟ್ರ ಹೆಸರು ಹೊರ ಜಗತ್ತಿಗೆ ಚೆನ್ನಾಗಿ ಗೊತ್ತಾದದ್ದು 1975ರಲ್ಲಿ, ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಅಂಕಣದಲ್ಲಿ ಬರೆದ ಮೇಲೆ. ತನ್ನ ಅಂಕಿಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗೆ ‘ಹರ್ಷದ’ ಎಂದು ಹೆಸರಿಟ್ಟವರೂ ಅವರೇ. ಇನ್ನೊಂದು ಬಗೆಯ ಸಂಖ್ಯೆಗಳಿಗೆ ತಮ್ಮ ಊರಿನ ಹೆಸರನ್ನೇ ಕೊಟ್ಟರು.

ಇಂಥವು ಗಂಭೀರ ಗಣಿತವಲ್ಲ ಎಂಬ ಆಕ್ಷೇಪ ಹಳೆಯದು. ಜಿ. ಎಚ್. ಹಾರ್ಡಿ 1940ರ ತಮ್ಮ ಪುಸ್ತಕದಲ್ಲಿ 8712, 9801 ಎಂಬ ಎರಡು ಸಂಖ್ಯೆಗಳನ್ನು ಎತ್ತಿಕೊಂಡರು. ತಿರುವಿ ಬರೆದ ತಮ್ಮದೇ ರೂಪದ ನಾಲ್ಕು ಪಟ್ಟು, ಒಂಬತ್ತು ಪಟ್ಟು ಇವು. ಗಣಿತಜ್ಞನನ್ನು ಸೆಳೆಯುವಂಥದ್ದು ಇದರಲ್ಲಿ ಏನೂ ಇಲ್ಲವೆಂದು ಬದಿಗಿಟ್ಟರು. ಹತ್ತರ ಪದ್ಧತಿಯಲ್ಲಿ ಬರೆಯುವುದು ನಮ್ಮ ರೂಢಿ, ಸಂಖ್ಯೆಯ ಸ್ವಭಾವವಲ್ಲ, ಅದು ನಿಜ. ಆದರೂ ನಾನು ಮೇಷ್ಟ್ರ ಕಡೆ.

ಆ ಕಳೆಯುವ ಲೆಕ್ಕವನ್ನೇ ಬಿಚ್ಚಿ ನೋಡಿ. ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ವ್ಯತ್ಯಾಸದ 999 ಪಟ್ಟು, ನಡುವಿನೆರಡರ ವ್ಯತ್ಯಾಸದ 90 ಪಟ್ಟು, ಇವೆರಡನ್ನೂ ಕೂಡಿದರೆ ಉತ್ತರ ಸಿಕ್ಕಿತು. ಮೂಲದ ಅಂಕಿಗಳು ಯಾವುವು ಎಂಬುದೇ ಬೇಡ, ಎರಡು ವ್ಯತ್ಯಾಸ ಸಾಕು. ಹಾಗಾಗಿ ಮುಂದೆ ಸೊನ್ನೆ ಇರುವವನ್ನೂ ಸೇರಿಸಿ 9990 ಸಂಖ್ಯೆಗಳು ಮೊದಲ ಹೆಜ್ಜೆಯಲ್ಲೇ ಬರೀ 54ಕ್ಕೆ ಇಳಿದುಬಿಡುತ್ತವೆ. 6174ರಲ್ಲಿ ಆ ವ್ಯತ್ಯಾಸಗಳು 6 ಮತ್ತು 2. 5994ಕ್ಕೆ 180 ಕೂಡಿಸಿ: ಮತ್ತೆ 6174. ಇಷ್ಟನ್ನು ಹೈಸ್ಕೂಲಿನ ಹುಡುಗಿಯೊಬ್ಬಳು ಒಂದು ಮಧ್ಯಾಹ್ನದಲ್ಲಿ ತಾನೇ ಕಂಡುಕೊಳ್ಳಬಹುದು. ಗಣಿತದಲ್ಲಿ ಇಷ್ಟು ಬೇಗ ‘ಏಕೆ’ ಎಂಬಲ್ಲಿಗೆ ಮುಟ್ಟಿಸುವ ದಾರಿಗಳು ಹೆಚ್ಚಿಲ್ಲ.

ಇನ್ನು ಅಂಕಿಗಳನ್ನು ಬಿಟ್ಟು ಸಂಖ್ಯೆಯನ್ನೇ ಅಪವರ್ತಿಸಿದರೆ 2 × 3² × 7³. ಘಾತಗಳು ಒಂದು, ಎರಡು, ಮೂರು ಎಂದು ಸಾಲಾಗಿ ನಿಂತಿವೆ. ಅಂಕಿಗಳ ಮೊತ್ತ 18. ಭಾಗಿಸಿದರೆ 343, ಅಂದರೆ 7ರ ಘನ. ಹರ್ಷದ ಸಂಖ್ಯೆಯೇ ಸರಿ. ಆದರೆ ಆ 343 ಎಂದರೆ 1 + 18 + 18² ಕೂಡ. ಹಾಗಾಗಿ 6174 ಎಂದರೆ 18 + 18² + 18³. ಯಾವ ಪದ್ಧತಿಯಲ್ಲಿ ಬರೆದರೂ ಈ ಸಮತೆ ಅಳಿಯದು. ಕಾಪ್ರೇಕರರ ಆಟಕ್ಕೂ ಇದಕ್ಕೂ ನೇರ ಸಂಬಂಧ ನನಗೆ ಕಾಣುವುದಿಲ್ಲ, ಆದರೆ ಆಟ ಆಡದಿದ್ದರೆ ನಾನು ಈ ಸಂಖ್ಯೆಯನ್ನು ಬಿಡಿಸಿಯೇ ನೋಡುತ್ತಿರಲಿಲ್ಲ. ಒಂದು, ಒಂದು ಸಂಖ್ಯೆ, ಅದರ ವರ್ಗ, ಈ ಮೂರೂ ಕೂಡಿ ಪೂರ್ಣ ಘನವಾಗುವುದು ಧನ ಪೂರ್ಣಾಂಕಗಳಲ್ಲೆಲ್ಲ 18ಕ್ಕೆ ಮಾತ್ರ. ನಾರ್ವೆಯ ವಿಲ್ಹೆಲ್ಮ್ ಲ್ಯುಂಗ್ರೆನ್ ಅದನ್ನು ಸಾಧಿಸಿ ತೋರಿಸಿದ್ದಾರೆ, ಮತ್ತು ಅದು ಹಾರ್ಡಿಯೂ ಗಂಭೀರವೆಂದು ಒಪ್ಪುತ್ತಿದ್ದ ಗಣಿತ.