ಪಟ್ಟಕ್ಕೆ ಮುನ್ನ: ಶಿವಗಂಗೆಯ ನೆತ್ತಿಯಿಂದ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ, ದಾಬಸ್‌ಪೇಟೆಯ ಬಳಿ ಎಡಕ್ಕೆ ಹೊರಳಿದ ಯಾತ್ರಿಕನಿಗೆ ಶಿವಗಂಗೆಯು ಊರಾಗಿ ಕಾಣುವುದಕ್ಕೆ ಮೊದಲು ಬೆಟ್ಟವಾಗಿ ಕಾಣುತ್ತದೆ. ರಾಜಧಾನಿಗೂ ಇದಕ್ಕೂ ಇರುವ ದೂರ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಮೂಡಣದಿಂದ ನೋಡಿದವರಿಗೆ ಇದು ಬಸವ, ಪಡುವಣದಿಂದ ಗಣಪತಿ, ತೆಂಕಣದಿಂದ ಲಿಂಗ, ಬಡಗಣದಿಂದ ಹೆಡೆಯೆತ್ತಿದ ನಾಗರ. ಹೀಗೆಂದು ಸ್ಥಳದವರು ವರ್ಣಿಸುತ್ತಾರೆ. ಬೆಟ್ಟದ ಹಳೆಯ ಹೆಸರು ಕಕುದ್ಗಿರಿ. ಕಕುದವೆಂದರೆ ಎತ್ತಿನ ಹಿಣಿಲು. ಆದುದರಿಂದ ಈ ನಾಲ್ಕು ರೂಪಗಳಲ್ಲಿ ಬಸವನದೇ ಹಿರಿಯದೆಂದು ಎಣಿಸಬಹುದು.

ಇಲ್ಲಿಂದ ಕಾಶಿಗೆ ಎಷ್ಟು ಯೋಜನಗಳೋ ಈ ಬೆಟ್ಟಕ್ಕೆ ಅಷ್ಟೇ ಮೆಟ್ಟಿಲುಗಳು, ಒಮ್ಮೆ ಹತ್ತಿದವರಿಗೆ ಕಾಶಿಯಾತ್ರೆಯ ಫಲ ಎಂಬ ನಂಬಿಕೆ ಬಹುಕಾಲದಿಂದ ನಡೆದುಬಂದಿದೆ. ಸಂಸಾರ ಸಮೇತ ಬರುವವರು ಪುಣ್ಯದ ಲೆಕ್ಕವನ್ನು ಆಮೇಲೆ ಮಾಡಿಕೊಂಡು, ಬಿಸಿಲೇರುವ ಮುನ್ನ ಹತ್ತತೊಡಗುವುದು ಲೇಸು. ಬುತ್ತಿಯ ಚೀಲವನ್ನು ಕಂಕುಳಲ್ಲಿ ಭದ್ರವಾಗಿ ಅವುಚಿಕೊಂಡಿರಬೇಕು. ಇಲ್ಲಿನ ಕಪಿಗಳಿಗೆ ಕಾಶಿಯೂ ಬುತ್ತಿಯೂ ಒಂದೇ.

ಬೆಟ್ಟದ ಮಗ್ಗುಲಿನ ಗವಿಯಲ್ಲಿ ಗಂಗಾಧರೇಶ್ವರನ ಸನ್ನಿಧಿ. ಹೊನ್ನಾದೇವಿಯ ನೆಲೆಯೂ ಇಲ್ಲಿಯೇ. ಲಿಂಗದ ಮೇಲೆ ತಿಕ್ಕಿದ ತುಪ್ಪ ಬೆಣ್ಣೆಯಾಗುವುದನ್ನು ನೋಡಲು ಜನರು ಒಬ್ಬರ ಹೆಗಲ ಮೇಲೊಬ್ಬರು ಕತ್ತು ಚಾಚುತ್ತಾರೆ. ಈ ಕೌತುಕದ ಸಡಗರದಲ್ಲಿ ಬಹುಮಂದಿ ಗಮನಿಸದೆ ಮುಂದೆ ಸಾಗುವ ವಸ್ತುವೊಂದು ಈ ದೇವಾಲಯದಲ್ಲಿದೆ. ಅದು ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನ ಲೋಹದ ಪ್ರತಿಮೆ. ಇದು ಸ್ಥಾಪನೆಯಾದುದು 1609ರಲ್ಲಿ, ಆತ ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಅನಾವರಣಗೊಂಡ ಆತನ ಕಂಚಿನ ವಿಗ್ರಹದ ಎತ್ತರ 108 ಅಡಿ. ಆಕಾಶದಿಂದ ಇಳಿಯುವವರೂ ಅದನ್ನು ಕಾಣದಿರಲಾರರು. ಶಿವಗಂಗೆಯ ಪ್ರತಿಮೆಯನ್ನಾದರೋ ಹುಡುಕಿಕೊಂಡು ಹೋಗಿ ನೋಡಬೇಕು. ಎರಡೂ ಪಟ್ಟವೇರಿದ ಪ್ರಭುವಿನವೇ. ಪಟ್ಟಕ್ಕೆ ಮುನ್ನ ಆ ಹುಡುಗ ಹೇಗಿದ್ದನೆಂಬುದನ್ನು ಯಾವ ಲೋಹವೂ ಹೇಳುವುದಿಲ್ಲ.

ಅರಸರ ಚರಿತ್ರೆಯ ರೀತಿಯೇ ಹೀಗೆ. ಅಧಿಕಾರ ಕೈಸೇರಿದ ದಿನದಿಂದ ಕಲ್ಲು ಮಾತನಾಡತೊಡಗುತ್ತದೆ. ದಾನ, ಬಿರುದು, ಗೆಲವು ಎಲ್ಲವೂ ತಿಥಿವಾರ ಸಹಿತ ಮೂಡುತ್ತವೆ. ಅದಕ್ಕೆ ಹಿಂದಿನ ಬಾಳೆಲ್ಲ ಊರವರ ಬಾಯಿಗೆ ಬಿಟ್ಟದ್ದು. ಆ ಮಾತುಗಳು ಹುಟ್ಟಿದ ಊರುಗಳನ್ನು ಒಂದೇ ಕಡೆ ನಿಂತು ದಿಟ್ಟಿಸಬೇಕೆಂದರೆ ಶಿವಗಂಗೆಯ ನೆತ್ತಿಗಿಂತ ಒಳ್ಳೆಯ ಜಾಗವಿಲ್ಲ.

ನೆತ್ತಿಯ ಹಾದಿ ಸುಲಭವಲ್ಲ. ಬಂಡೆಯ ಬಿರುಕಿನೊಳಗೆ ಕೈಯಿಳಿಸಿ ನೀರನ್ನು ಮುಟ್ಟುವ ಒಳಕಲ್ಲು ತೀರ್ಥದ ಬಳಿ ಪುಣ್ಯವಂತರ ಪರೀಕ್ಷೆ ನಡೆಯುತ್ತದೆ. ನೀರು ಸಿಕ್ಕದವರು ತೋಳು ಗಿಡ್ಡವೆಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಕೆಂಪೇಗೌಡನ ಹಜಾರವೆಂದು ಕರೆಯುವ ತಾಣದಲ್ಲಿ ಆತ ತನ್ನ ಭಂಡಾರವನ್ನು ಇರಿಸಿದ್ದನೆಂದು ಹೇಳುತ್ತಾರೆ. ಅಲ್ಲಿಂದ ಮೇಲೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, ಹಿಡಿದು ಏರಲು ಕಬ್ಬಿಣದ ಕಂಬಿಗಳು, ಕಡಿದಾದ ಕೋಡುಗಲ್ಲಿನ ಮೇಲೆ ನಂದಿ. ಕಟ್ಟಕಡೆಗೆ ತೀರ್ಥಕಂಬ. ಸಂಕ್ರಾಂತಿಯಂದು ಇದರ ಬುಡದಲ್ಲಿ ಒಸರುವ ಜಲವೇ ಕೆಳಗಿನ ಗಿರಿಜಾಕಲ್ಯಾಣಕ್ಕೆ ಧಾರೆಯ ನೀರು. ಸಮುದ್ರಮಟ್ಟದಿಂದ 4,500 ಅಡಿಗೂ ಮಿಕ್ಕ ಈ ಎತ್ತರದಲ್ಲಿ ಗಾಳಿಯು ಸೆರಗನ್ನೂ ಟೋಪಿಯನ್ನೂ ಒಂದೇ ಸಮನೆ ಎಳೆಯುತ್ತದೆ.

ಮೂಡಣಕ್ಕೆ ಮುಖ ಮಾಡಿ ನಿಂತರೆ ದೂರದಲ್ಲಿ ನಂದಿಬೆಟ್ಟದ ಸಾಲು. ಅದರಾಚೆಯ ತಪ್ಪಲಿನಲ್ಲಿ ಆವತಿ ಎಂಬ ಹಳ್ಳಿ. ಹದಿನೈದನೆಯ ಶತಮಾನದಲ್ಲಿ ಕಂಚಿಯ ಸೀಮೆಯಿಂದ ಮೊರಸು ಒಕ್ಕಲಿಗರ ಕುಟುಂಬವೊಂದು ರಾತ್ರೋರಾತ್ರಿ ಬಂಡಿ ಹೂಡಿಕೊಂಡು ಓಡಿಬಂದು ಇಲ್ಲಿ ನೊಗವಿಳಿಸಿತೆಂದು ಐತಿಹ್ಯ. ಅಲ್ಲಿಯ ಪಾಳೆಯಗಾರನೊಬ್ಬನು ಮನೆಯ ಮಗಳನ್ನು ಬಲವಂತದಿಂದ ಮದುವೆಯಾಗಬಯಸಿದ್ದೇ ಆ ಓಟಕ್ಕೆ ಕಾರಣ. ಪಾಲಾರ್ ನದಿಯು ಅವರಿಗೆ ದಾರಿ ಬಿಟ್ಟಿತಂತೆ. ಬಂಡಿಯಲ್ಲಿ ಬಂದ ಆ ಬೈರೇಗೌಡನ ವಂಶದವರೇ ಮುಂದೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪ್ರಭುಗಳಾದರು. ಒಂದು ಕವಲು ಯಲಹಂಕಕ್ಕೆ ಬಂದು ನೆಲೆಸಿತು. ನದಿ ಇಬ್ಭಾಗವಾದುದನ್ನು ನಂಬುವವರು ನಂಬಲಿ. ಹೆಣ್ಣುಮಗಳ ಮಾನಕ್ಕಾಗಿ ಹೊಲಮನೆ ತೊರೆದು ಬಂದೆವೆಂಬ ಮಾತನ್ನು ಆಳುವ ಮನೆತನವೊಂದು ಮುಚ್ಚಿಡದೆ, ಮೊಮ್ಮಕ್ಕಳಿಗೂ ಹೇಳುತ್ತ ಬಂದಿತಲ್ಲ, ಅದೇ ಮೆಚ್ಚತಕ್ಕದ್ದು.

ಕೆಂಪೇಗೌಡನು ಹುಟ್ಟಿದ್ದು ಈ ಯಲಹಂಕದ ಕವಲಿನಲ್ಲಿ. ತಂದೆ ಕೆಂಪನಂಜೇಗೌಡ. ಹುಡುಗನನ್ನು ಹೆಸರುಘಟ್ಟದ ಬಳಿಯ ಐವರಕಂಡಪುರದ ಗುರುಕುಲಕ್ಕೆ ಕಳುಹಿಸಿದರೆಂದೂ ಅಲ್ಲಿ ಒಂಬತ್ತು ವರ್ಷ ಓದಿದನೆಂದೂ ಹೇಳುತ್ತಾರೆ. ಆ ಊರು ಶಿವಗಂಗೆಗೆ ನೇರ ಮೂಡಣದಲ್ಲಿದೆ. ಅಲ್ಲಿಯ ಮಕ್ಕಳಿಗೆ ಸೂರ್ಯ ಮುಳುಗುವುದು ಈ ಬೆಟ್ಟದ ದಿಕ್ಕಿನಲ್ಲಿ. ಆಗ ಶಿವಗಂಗೆ ಆತನ ಮನೆತನದ ಸೊತ್ತಲ್ಲ, ಬೇರೊಬ್ಬರ ಸೀಮೆ.

ಆತನ ವಯಸ್ಸಿನ ಲೆಕ್ಕ ಮಾತ್ರ ಸರಿಹೊಂದುವುದಿಲ್ಲ. ಜನನ 1510ರಲ್ಲಿ ಎಂದು ಇಂದು ಎಲ್ಲೆಡೆ ಬರೆಯುತ್ತಾರೆ. ಹಳೆಯ ಗೆಜೆಟಿಯರಿನ ಪ್ರಕಾರ ಅಧಿಕಾರಕ್ಕೆ ಬಂದುದು 1513ರಲ್ಲಿ. ಎರಡನ್ನೂ ಒಪ್ಪಿದರೆ ಯಲಹಂಕ ನಾಡನ್ನು ಮೂರು ವರ್ಷದ ಕೂಸು ಆಳಿತೆನ್ನಬೇಕಾಗುತ್ತದೆ! ಈ ತೊಡಕನ್ನು ಕಂಡವರು ಪಟ್ಟದ ವರ್ಷವನ್ನು 1531ಕ್ಕೆ ಸರಿಸಿದ್ದಾರೆ. ಮಹಾನಗರವೊಂದರ ನಿರ್ಮಾಪಕನ ಎಳೆತನದ ವಿಷಯದಲ್ಲಿಯೇ ಇಷ್ಟು ಮಸುಕಿರುವಾಗ ಉಳಿದವರ ಪಾಡೇನು?

ತೇದಿಗಳು ಮಸುಕಾದಲ್ಲಿ ಕಥೆಗಳು ಸ್ಪಷ್ಟವಾಗಿವೆ. ಮಂತ್ರಿ ವೀರಣ್ಣನೊಡನೆ ಬೇಟೆಗೆ ಹೊರಟ ಯುವಕನು ಹೆಸರುಘಟ್ಟದ ಸಮೀಪದ ಶಿವಸಮುದ್ರದಲ್ಲಿ ಮರದ ನೆರಳಿಗೆ ಕುಳಿತು, ಕೋಟೆ ಕೆರೆ ಗುಡಿಗಳುಳ್ಳ, ಎಲ್ಲ ಕಸುಬಿನವರೂ ಒಕ್ಕಲಿರುವ ಪಟ್ಟಣದ ಕನಸನ್ನು ಕಂಡನಂತೆ. ಮೊಲವು ಬೇಟೆನಾಯಿಯನ್ನು ಅಟ್ಟಿಸಿಕೊಂಡು ಹೋದ ಕಥೆ ಎಲ್ಲರೂ ಬಲ್ಲದ್ದೇ; ಅದು ಹಂಪೆಯ ಮೇಲೆಯೂ ಉಂಟು, ಬೇರೆ ಊರುಗಳ ಮೇಲೆಯೂ ಉಂಟು. ಮರದ ನೆರಳಿನ ಕಥೆಗೆ ಹೆಚ್ಚಿನ ಬೆಲೆ ಕೊಡಬಹುದು. ಪಟ್ಟಣವೆಂದೊಡನೆ ನೇಯುವವರೂ ಮಾರುವವರೂ ಮಡಕೆ ಮಾಡುವವರೂ ಕಣ್ಮುಂದೆ ಬಂದರೆಂಬುದು ಒಕ್ಕಲು ಮನೆಯಲ್ಲಿ ಬೆಳೆದವನಿಗೆ ತಕ್ಕ ಮಾತು. ಮದುವೆಗೆ ಮುನ್ನ ಹೆಣ್ಣುಮಕ್ಕಳ ಎರಡು ಬೆರಳುಗಳನ್ನು ಕತ್ತರಿಸುವ ಕ್ರೂರ ಪದ್ಧತಿ ಆತನ ಕುಲದಲ್ಲಿತ್ತು. ಕೆಂಪೇಗೌಡನು ಅದನ್ನು ನಿಲ್ಲಿಸಲು ಆಜ್ಞೆ ಮಾಡಿದನೆಂದು ಪ್ರತೀತಿ. ಉಣಬಡಿಸುವ ಕೈಗಳಲ್ಲಿ ಬೆರಳುಗಳಿಲ್ಲದುದನ್ನು ಬಾಲ್ಯದಲ್ಲಿ ಕಂಡವನೇ ಇಂಥ ಆಜ್ಞೆಯನ್ನು ಕೊಟ್ಟಾನು.

ಅಧಿಕಾರ ಬಂದ ಮೇಲೆ ಆತ ಗೆದ್ದ ಮೊದಲ ಸೀಮೆಗಳಲ್ಲಿ ಶಿವಗಂಗೆಯೂ ಒಂದು. 1537ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆ ಎದ್ದಿತು. ವಿಜಯನಗರದ ಅಚ್ಯುತರಾಯನ ಕೃಪೆಯೂ ದೊರೆಯಿತು. ಮುಂದೆ ಅಪ್ಪಣೆಯಿಲ್ಲದೆ ತನ್ನ ಕುಲದೈವ ಭೈರವನ ಹೆಸರಿನಲ್ಲಿ ನಾಣ್ಯ ಟಂಕಿಸಿದ ತಪ್ಪಿಗೆ ಐದು ವರ್ಷ ಆನೆಗೊಂದಿಯಲ್ಲಿ ಸೆರೆಯಲ್ಲಿರಬೇಕಾಯಿತು. ನೆತ್ತಿಯಲ್ಲಿ ತುಸು ತಿರುಗಿ ತೆಂಕಣಕ್ಕೆ ನೋಡಿದರೆ ಕಾಣುವ ಮಾಗಡಿ, ಸಾವನದುರ್ಗಗಳು ಈ ವಂಶದ ಸಂಜೆಯ ನೆಲೆಗಳು. 1638ರಲ್ಲಿ ಬೆಂಗಳೂರು ಬಿಜಾಪುರದ ಪಾಲಾದಾಗ ಮನೆತನ ಮಾಗಡಿಗೆ ಸರಿಯಿತು. 1728ರಲ್ಲಿ ಅದೂ ಮೈಸೂರಿಗೆ ಸೇರಿ, ಕೊನೆಯ ಪ್ರಭು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಣ್ಣು ಮುಚ್ಚಿದನು.

ಅದೇ 1728ರ ಸುಮಾರಿಗೆ ಈಶಾನ್ಯದ ದೊಡ್ಡಬಳ್ಳಾಪುರದಲ್ಲಿ ನಡೆದ ಸಂಗತಿಯೊಂದನ್ನು ಚರಿತ್ರಕಾರ ವಿಲ್ಕ್ಸ್ ಬರೆದಿಟ್ಟಿದ್ದಾನೆ. ಸಿರಾ ಸುಬೇದಾರನ ಪರವಾಗಿ ಕಾದಿ ಮಡಿದ ಫತೇ ಮಹಮ್ಮದನೆಂಬ ಸರದಾರನ ಮಕ್ಕಳಿಬ್ಬರು ಅಲ್ಲಿಯ ಜಾಗೀರುದಾರ ಅಬ್ಬಾಸ್ ಕುಲಿಖಾನನ ಕೈಗೆ ಸಿಕ್ಕರು. ದೊಡ್ಡವನಿಗೆ ಒಂಬತ್ತು ವರ್ಷ, ಕಿರಿಯನಿಗೆ ಏಳು. ತಂದೆಯ ಸಾಲದ ನೆಪದಲ್ಲಿ ಹಣ ಕೀಳುವುದಕ್ಕಾಗಿ ಮಕ್ಕಳನ್ನು ನಗಾರಿಯೊಳಗೆ ತುಂಬಿ, ಮೇಲೆ ಬಾರಿಸಿ ಹಿಂಸಿಸಿದರು. ತಾಯಿ ಇದ್ದುದನ್ನೆಲ್ಲ ತೆತ್ತು ಮಕ್ಕಳನ್ನು ಬಿಡಿಸಿಕೊಂಡಳು. ಆ ಕಿರಿಯವನೇ ಹೈದರ್. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಮೈಸೂರಿನ ದಂಡಿನವನಾಗಿ ಸಾಹಸ ತೋರಿ ಅವನು ದೊಡ್ಡವರ ಕಣ್ಣಿಗೆ ಬಿದ್ದನು. ಮರುವರ್ಷ ಅದೇ ಊರಿನಲ್ಲಿ ಟಿಪ್ಪು ಹುಟ್ಟಿದನು. 1761ರಲ್ಲಿ ದೊಡ್ಡಬಳ್ಳಾಪುರ ಹೈದರನ ವಶವಾಗುವಾಗ ಅಬ್ಬಾಸ್ ಕುಲಿಖಾನನು ಮದರಾಸಿಗೆ ಓಡಿಹೋಗಿದ್ದನು. ಹೈದರನ ದಂಡು ಮದರಾಸಿನ ಬಾಗಿಲಿಗೂ ಬಂದಿತೆಂದು ಕೇಳಿ ಆತ ಹಡಗು ಹತ್ತಿ ಸಮುದ್ರದಲ್ಲಿ ಕಾದಿದ್ದನಂತೆ. ಮೂವತ್ತೆಂಟು ನಲವತ್ತು ವರ್ಷಗಳಾದರೂ ಆ ನಗಾರಿಯ ಸದ್ದು ಹೊಡೆಸಿದವನ ಕಿವಿಯಿಂದ ಹೋಗಿರಲಿಲ್ಲ.

ಇನ್ನು ಪಡುವಣ ದಿಕ್ಕು. ಅತ್ತ, ಕಣ್ಣಿಗೆ ನಿಲುಕದಷ್ಟು ದೂರದಲ್ಲಿ, ಶ್ರವಣಬೆಳಗೊಳವಿದೆ. ಶಿವಗಂಗೆಗೂ ಅದಕ್ಕೂ ಗಂಟು ಹಾಕಿದವಳು ಹೊಯ್ಸಳರ ಪಟ್ಟಮಹಾದೇವಿ ಶಾಂತಲೆ. ನೆತ್ತಿಯ ಬಳಿಯ ಪ್ರಪಾತವೊಂದನ್ನು ತೋರಿಸಿ 'ಶಾಂತಲಾ ಡ್ರಾಪ್' ಎನ್ನುತ್ತಾರೆ. ಗಂಡುಸಂತಾನವಿಲ್ಲದ ಕೊರಗಿನಿಂದ ರಾಣಿ ಇಲ್ಲಿಂದ ಧುಮುಕಿದಳೆಂದು ಕಥೆ. ಶಾಸನ ಹೇಳುವುದು 1131ರಲ್ಲಿ ಆಕೆ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟಳೆಂದು ಮಾತ್ರ. ಕೊರಗನ್ನೂ ಕಮರಿಯನ್ನೂ ಸೇರಿಸಿದವರು ಆಮೇಲಿನವರು. ಎಂಟುನೂರು ತೊಂಬತ್ತು ವರ್ಷಗಳ ಹಿಂದಿನ ಹೆಂಗಸಿನ ಮನಸ್ಸನ್ನು ಇಷ್ಟು ಸಲೀಸಾಗಿ ಓದಿಬಿಡುವುದು ಆಕೆಗೆ ಮಾಡುವ ನ್ಯಾಯವಲ್ಲ.

ರಾಣಿಯಾದ ಶಾಂತಲೆಯ ವಿಷಯ ಕಲ್ಲಿನಲ್ಲಿ ಧಾರಾಳವಾಗಿದೆ. 1117ರಲ್ಲಿ ಬೇಲೂರಿನ ಗುಡಿ ಪ್ರತಿಷ್ಠೆಯಾದಾಗ ಕಪ್ಪೆ ಚೆನ್ನಿಗರಾಯನನ್ನು ನಿಲ್ಲಿಸಿದವಳು ಆಕೆ. 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. ಗೀತ ನೃತ್ಯಗಳಲ್ಲಿ ಪ್ರವೀಣೆ ಎಂಬ ಪ್ರಶಂಸೆಯೂ ಉಂಟು. ಆದರೆ ಆ ನೃತ್ಯವನ್ನು ಎಳೆಯ ಹುಡುಗಿಯಾಗಿ ಎಲ್ಲಿ ಕಲಿತಳು, ಯಾರಿಂದ ಕಲಿತಳು? ಕಲ್ಲು ಅಷ್ಟನ್ನು ಹೇಳದು. ಆ ಬರಿದನ್ನು ತುಂಬಿದವರು ಕಾದಂಬರಿಕಾರರು: ಕೆ. ವಿ. ಅಯ್ಯರ್ ಅವರ 'ಶಾಂತಲಾ', ಸಿ. ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ'. ಕನ್ನಡದ ಮನೆಮನೆಯಲ್ಲಿ ಶಾಂತಲೆಯ ಬಾಲ್ಯವೆಂದರೆ ಇಂದು ಈ ಕಾದಂಬರಿಗಳ ಬಾಲ್ಯವೇ.

ಆ ಬಾಲ್ಯವನ್ನು ಕಣ್ಣಾರೆ ಕಂಡಿದ್ದವಳು ತಾಯಿ ಮಾಚಿಕಬ್ಬೆ. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನಳು. ಒಂದೇ ಮನೆಯಲ್ಲಿ ಎರಡು ದೇವರ ದೀಪ ಹಚ್ಚಿದ ಆ ಸಂಸಾರದ ಮಗಳು ಜಿನಭಕ್ತೆಯಾಗಿ ಬಾಳಿ, ಶಿವನ ಹೆಸರಿನ ಬೆಟ್ಟದಲ್ಲಿ ಕೊನೆಯುಸಿರೆಳೆದಳು. ಮಗಳು ಸತ್ತ ಮೇಲೆ ತಾನಿನ್ನು ಇರಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಅಲ್ಲಿ ಸಂನ್ಯಸನವನ್ನು ಕೈಕೊಂಡು, ಅರೆಮುಚ್ಚಿದ ಕಣ್ಣುಗಳಿಂದ ಜಿನನನ್ನು ನೆನೆಯುತ್ತ, ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳು. ತಾಯಿಯ ಈ ಕೊನೆಯನ್ನು ಬೆಳಗೊಳದ ಕಲ್ಲು ಸವಿಸ್ತಾರವಾಗಿ ಬರೆದಿದೆ. ಶಾಂತಲೆಯು ಶಿವಗಂಗೆಯಲ್ಲಿ ತೀರಿಕೊಂಡ ಸುದ್ದಿಯನ್ನು ಉಳಿಸಿಕೊಟ್ಟದ್ದೂ ಅದೇ ಕಲ್ಲು.