ಮಾತಿಗಿಂತ ಮೊದಲು ಮೈ

ನಲವತ್ತು ವರ್ಷ ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತವರು ನಾವು. ಗಿರಾಕಿ ‘ಬೇಡ’ ಎಂದರೂ ಬೆರಳು ದಡಿಯ ಮೇಲೇ ಉಳಿದಿದ್ದರೆ ಆ ಸೀರೆ ಹೋಗುವುದು ಖಾತ್ರಿ ಎಂದು ಬಲ್ಲೆವು. ಆದರೆ ಪಕ್ಕದಲ್ಲೇ ಕುಳಿತಿದ್ದ ತಮ್ಮನ ಮೈ ಏನು ಹೇಳುತ್ತಿದೆಯೆಂದು ಎಂಟು ತಿಂಗಳಾದರೂ ತಿಳಿಯಲಿಲ್ಲ. ಹೆಗಲು ಇಳಿದಿತ್ತು, ನೋಟ ನೆಲ ಬಿಟ್ಟು ಏಳುತ್ತಿರಲಿಲ್ಲ, ಸೀರೆ ಮಡಚುವ ಕೈ ನಡುವೆಯೇ ನಿಂತುಬಿಡುತ್ತಿತ್ತು. ನಾವು ಸೋಮಾರಿತನವೆಂದೆವು; ಗಿರಾಕಿಗಳ ಮುಂದೆಯೇ ಬೈದೆವು. ಒಂದು ರಾತ್ರಿ ಅವನು, ‘ನಾ ಇದ್ದು ಏನು ಉಪಯೋಗ ಅಣ್ಣಾ?’ ಎಂದಾಗ ಎದೆ ಝಲ್ಲೆಂದಿತು. ಮರುದಿನವೇ ಸೊಲ್ಲಾಪುರದ ಮನೋವೈದ್ಯರ ಬಳಿಗೆ ಕರೆದೊಯ್ದೆವು. ಖಿನ್ನತೆ ಎಂದರು. (ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.)

ವೈದ್ಯರು ಮೇಜಿನ ಆಚೆ ಕೂಡಲಿಲ್ಲ. ಕುರ್ಚಿಯನ್ನು ತಮ್ಮನ ಹತ್ತಿರ ಓರೆಯಾಗಿ ಎಳೆದುಕೊಂಡು, ತುಸು ಮುಂದೆ ಬಾಗಿ ಕುಳಿತರು. ಅವನನ್ನು ದಿಟ್ಟಿಸಲಿಲ್ಲ, ಅವನು ತಲೆ ಎತ್ತಿದಾಗ ಮಾತ್ರ ಅವರ ನೋಟ ಅಲ್ಲಿ ಕಾದಿರುತ್ತಿತ್ತು. ಪ್ರಶ್ನೆ ಕೇಳಿ ಸುಮ್ಮನಾಗುವರು. ಖಿನ್ನತೆಯಲ್ಲಿ ಮಾತು, ನಡೆ ನಿಧಾನವಾಗುವುದುಂಟು. ಉತ್ತರಕ್ಕೆ ಹೊತ್ತು ಬೇಕು. ನಾವೋ ತಡೆಯದೆ ಅವನ ಪರವಾಗಿ ಉತ್ತರಿಸಿದೆವು, ಕೈಗಡಿಯಾರ ನೋಡಿಕೊಂಡೆವು. ವೈದ್ಯರು ಮರಾಠಿಯಲ್ಲಿ ಮೆಲ್ಲಗೆ ಅಂದರು: ‘ಶೇಟಜಿ, ನಾವು ಅವರನ್ನು ನೋಡುವಂತೆ ಅವರೂ ನಮ್ಮನ್ನು ನೋಡುತ್ತಿದ್ದಾರೆ. ನಿಮ್ಮ ಗಡಿಯಾರ ಅವರಿಗೆ, ನೀನು ಹೊರೆ ಎಂದು ಹೇಳುತ್ತದೆ.’ ನಾಚಿಕೆಯಾಯಿತು.

ಮುಂದೆ ಮೊಮ್ಮಗಳು ಒಂದು ಸಂಶೋಧನೆಯನ್ನು ಓದಿ ಹೇಳಿದಳು. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರಾಮ್ಸೈಯರ್ ಮತ್ತು ಚಾಚರ್ ಎಂಬುವರು 70 ಮನೋರೋಗಿಗಳ 104 ಭೇಟಿಗಳ ವಿಡಿಯೋಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರಂತೆ. ಇಬ್ಬರ ಮೈ ಚಲನೆ ಹೆಚ್ಚು ಹೊಂದಿಕೊಂಡಿದ್ದ ಕಡೆ ವಿಶ್ವಾಸವೂ ಗುಣವೂ ಹೆಚ್ಚು ಕಂಡವಂತೆ. ಇದು ನಮಗೆ ಹೊಸದೆನಿಸಲಿಲ್ಲ. ಐದನೆಯ ಭೇಟಿಯಲ್ಲಿ ವೈದ್ಯರು ಬಾಗಿದಾಗ ನಮ್ಮ ತಮ್ಮನೂ ಬಾಗಿದ್ದನ್ನು ಕಣ್ಣಾರೆ ಕಂಡಿದ್ದೆವು.

ಮನೆಯಲ್ಲಿ ನಾವು ಎದುರು ನಿಂತು ‘ಧೈರ್ಯ ತಗೋ’ ಎಂದು ಉಪದೇಶಿಸುವುದನ್ನು ಬಿಟ್ಟೆವು. ಅವನೇ ಹೇಳಿದ್ದ: ‘ಅಣ್ಣಾ, ನೀ ಸುಮ್ಮನ ಬಾಜೂಕ ಕೂಡು, ಸಾಕು.’ ಔಷಧಿ, ವೈದ್ಯರ ಮಾತು ಎರಡೂ ನಡೆದವು. ಈಗ ಮತ್ತೆ ಅಂಗಡಿಗೆ ಬರುತ್ತಾನೆ. ಕೆಲವು ದಿನ ಕೈ ಇನ್ನೂ ನಿಲ್ಲುತ್ತದೆ, ನಾವು ಕಾಯುತ್ತೇವೆ.

ಬಂಧುಗಳೇ, ಮೈ ನೋಡಿಯೇ ರೋಗ ನಿರ್ಣಯಿಸಬೇಡಿ. ನಗುವಿನ ಹಿಂದೆಯೂ ದುಃಖವಿರುತ್ತದೆ. ಪ್ರೀತಿಯಿಂದ ಕೇಳಿ, ವೈದ್ಯರಿಗೆ ತೋರಿಸಿ. ಸರಕಾರದ ಟೆಲಿ ಮಾನಸ್ ದೂರವಾಣಿ 14416 ಉಚಿತವಾಗಿದೆ. ಜಾರುವವನನ್ನು ಹಿಡಿದು ನಿಲ್ಲಿಸುವ ಸ್ಥಿತಿಕರಣದ ಕುರಿತು ಬಸ್ತಿಯಲ್ಲಿ ಎಷ್ಟೋ ಪ್ರವಚನ ಕೇಳಿದ್ದೆವು. ನಿಲ್ಲಿಸುವ ಮೊದಲು ಪಕ್ಕದಲ್ಲಿ ಕೂಡಬೇಕೆಂಬುದು ಅರವತ್ತು ದಾಟಿದ ಮೇಲೆ ತಿಳಿಯಿತು.